ಉಲ್ಲಾಸನ ಪ್ರಾಣಭಯ

ಚುನಾವಣೆ ಬಂತೆಂದರೆ ನಿಲ್ಕುಂದದಲ್ಲಿ ಮೊದಲು ಊರು ಬಿಡುವುದು ಕೋವಿಗಳು. ಬೆಳೆ ಕಾಯಲು ಲೈಸೆನ್ಸ್ ಪಡೆದವರೆಲ್ಲ ಅವನ್ನು ಗೋಣಿಯಲ್ಲಿ ಸುತ್ತಿ, ಸಿದ್ದಾಪುರದ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಮತ ಎಣಿಸಿ ಮುಗಿಯುವವರೆಗೆ ನೀತಿಸಂಹಿತೆ. ಹಂದಿಗಳಿಗೆ ಮಾತ್ರ ನೀತಿಯೂ ಇಲ್ಲ, ಸಂಹಿತೆಯೂ ಇಲ್ಲ.

ಗಂಗೆಯೂ ಇಟ್ಟು ಬಂದಳು. ಗಂಡ ಹೊನ್ನ ತೀರಿಕೊಂಡ ಮೇಲೆ, ಹೆಂಗಸಿಗೆಂತಕ್ಕೆ ಕೋವಿ ಎಂದವರನ್ನೆಲ್ಲ ಎದುರು ಹಾಕಿಕೊಂಡು ತನ್ನ ಹೆಸರಿಗೆ ಮಾಡಿಸಿಕೊಂಡ ಕೋವಿ ಅದು. ಪಕ್ಕದ ಗದ್ದೆಯ ಉಲ್ಲಾಸ ಕಾಯುತ್ತಿದ್ದುದೂ ಇದನ್ನೇ. ಮರುದಿನವೇ ಬೇಲಿಯ ಗೂಟ ಕಿತ್ತು ಅವಳ ಗದ್ದೆಯೊಳಗೆ ನೆಟ್ಟ. ಕೇಳಲು ಹೋದವಳ ಕೆನ್ನೆಗೆ ಆಳುಗಳೆದುರೇ ಬಾರಿಸಿದ. ಆಳು ಚೌಡ ಕಿಸಕ್ಕನೆ ನಕ್ಕ.

ಊರ ಹಿರಿಯರು ಗೂಟವನ್ನು ಹಿಂದಕ್ಕೆ ಹಾಕಿಸಿದರು. ಏಟಿನ ಮಾತು ಬಂದಾಗ, "ಸಿಟ್ಟಲ್ಲಿ ಆಗ್ತದೆ, ಬಿಡು ಗಂಗಕ್ಕ" ಎಂದರು. ಏಟು ಗಂಗೆಯ ಕೆನ್ನೆಯಿಂದ ಇಳಿಯಿತು, ಎದೆಯಿಂದ ಇಳಿಯಲಿಲ್ಲ.

ಕೋವಿ ಮರಳಿದ ದಿನದಿಂದ ಅವಳು ಜಗಲಿಯಲ್ಲಿ ಕೂತು ಅದಕ್ಕೆ ಎಣ್ಣೆ ಒರೆಸತೊಡಗಿದಳು. ಉಲ್ಲಾಸ ರಸ್ತೆಗೆ ಹೋಗುವ ದಾರಿ ಆ ಜಗಲಿಯ ಮುಂದೆಯೇ. ಅವನು ಹಾಲಿನ ಕ್ಯಾನು ಹೊತ್ತು ಗುಡ್ಡ ಸುತ್ತಿ ಹೋಗತೊಡಗಿದ. ಒಮ್ಮೆ ಅವನ ಬೆನ್ನಿಗೆ ಗುರಿಯಿಟ್ಟದ್ದೂ ಉಂಟು ಗಂಗೆ. ಆಮೇಲೆ ಇಳಿಸಿದಳು. ಸತ್ತವನಿಗೆ ಮರ್ಯಾದೆ ಹೋಗುವುದಿಲ್ಲವಲ್ಲ!

ಕೊನೆಗೆ ಉಲ್ಲಾಸ, ಆತ್ಮರಕ್ಷಣೆಗೆ ಪಿಸ್ತೂಲು ಬೇಕೆಂದು ಅರ್ಜಿ ಹಾಕಿದ. ವಿಚಾರಣೆಗೆ ಬಂದವನು ಹಾವೇರಿ ಕಡೆಯ ಪೊಲೀಸ್ ಜಮಾದಾರ. ಅಕ್ಕಪಕ್ಕದವರನ್ನು ಕೇಳುವುದು ಪದ್ಧತಿ, ಆದ್ದರಿಂದ ಉಲ್ಲಾಸನನ್ನು ಗಂಗೆಯ ಅಂಗಳಕ್ಕೇ ಕರೆತಂದ. ಆಳುಗಳೂ ಬಂದು ಬೇಲಿಗೆ ಒರಗಿದರು.

"ಯಾರಿಂದ ಜೀವಕ್ಕ ಅಪಾಯ ಐತ್ರಿ?"

"ಇವ್ಳಿಂದ."

"ಯಾಕ್ರಿ? ಏನ್ ಮಾಡೀರಿ ಈಕಿಗೆ?"

ಉಲ್ಲಾಸ ಕೆಮ್ಮಿದ. "ಹಿಂಗೇ... ಮಾತಿಗೆ ಮಾತು."

"ಮಾತಿಗೆ ಯಾರ್ ಪಿಸ್ತೂಲ್ ಕೊಡ್ತಾರ್ರಿ? ಕಾರಣ ಹೇಳ್ರಿ, ಇಲ್ಲಾ ಅರ್ಜಿ ವಾಪಸ್ ತಗೋರಿ."

"ಹೇಳಾ ಉಲ್ಲಾಸ," ಎಂದಳು ಗಂಗೆ, "ಪಿಸ್ತೂಲು ಬೇಕಲ್ದನಾ ನಿಂಗೆ?"

"ಒಂದ್ ಏಟು ಹೊಡದಿದ್ದೆ."

"ಜೋರಾಗಿ ಹೇಳು ಮಾರಾಯ, ಚೌಡಂಗೆ ಕೇಳ್ಲಿಲ್ಲ."

"ಹೊಡದಿದ್ದೆ! ಕೆನ್ನೆಗೆ! ಬೇಲಿ ಒಳಗೆ ಹಾಕಿದ್ದೂ ನಾನೇ! ಅದ್ಕೇ ಇವ್ಳು ನನ್ನ ಕೊಲ್ತಾಳೆ!"

ಜಮಾದಾರ ಗಂಗೆಯತ್ತ ತಿರುಗಿದ. "ನೀವೇನಂತೀರಿ ಅವ್ವಾ? ಇವರಿಗೆ ಕೊಡಬಹುದೇನು?"

"ಇದ್ನ ಹಿಡ್ಕಳಿ, ಖಾಲಿ ಐತೆ." ಒರೆಸುತ್ತಿದ್ದ ಕೋವಿಯನ್ನು ಜಮಾದಾರನ ಕೈಗಿಟ್ಟು ಗಂಗೆ ಅಂಗಳ ದಾಟಿದಳು. ಉಲ್ಲಾಸ ಹಿಂದೆ ಸರಿಯುವಷ್ಟರಲ್ಲಿ ಏಟು ಬಿದ್ದಾಗಿತ್ತು. ಆ ಸದ್ದಿಗೆ ಕೋಳಿಗಳು ಚದುರಿದವು.

"ಈಗ ನಂಗೆ ಇವನ ಮೇಲೆ ಎಂತದೂ ಇಲ್ಲ. ಇವಂಗೆ ಭಯನೂ ಬ್ಯಾಡ, ಪಿಸ್ತೂಲೂ ಬ್ಯಾಡ."

"ನನ್ನ ಮುಂದನ ಹೊಡದೀರಲ್ರಿ ಅವ್ವಾ!" ಎಂದ ಜಮಾದಾರ. "ಕೇಸ್ ಆಗ್ತೈತಿ. ನಿಮ್ಮ ಕೋವಿನೂ ಹೋಗ್ತೈತಿ."

ಗಂಗೆ ಕೋವಿಯನ್ನೊಮ್ಮೆ ನೋಡಿದಳು. ಕೈ ಚಾಚಲಿಲ್ಲ.

"ತಗಂಡ್ ಹೋಗಿ," ಎಂದಳು. "ಬರೀವಾಗ ಮಾತ್ರ ಮೊದ್ಲು ಅವ್ನ ಏಟು ಬರೀರಿ. ಆಮೇಲೆ ನಂದು."