ಚಿಪ್ಪಿನಲ್ಲಿ ಅಳೆದ ಎಣ್ಣೆ

ಸುಧಾ ಮೈನೆರೆದಳೆಂಬ ಸುದ್ದಿ ಅಂತರಸಂತೆಯ ಆ ಕೇರಿಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಅವಳ ತಾಯಿ ರುಕ್ಮಿಣಮ್ಮನ ಮನೆಗೆ ಮೊಟ್ಟೆಗಳು ಬರತೊಡಗಿದವು. ಒಬ್ಬಳ ಮಡಿಲಲ್ಲಿ ಎರಡು, ಇನ್ನೊಬ್ಬಳ ಕುಕ್ಕೆಯಲ್ಲಿ ನಾಲ್ಕು. ಸಂಜೆಗೆಲ್ಲ ಮೊರ ತುಂಬಿತು. ಯಾವ ಮೊಟ್ಟೆ ಯಾವ ಮನೆಯದು, ಕೋಳಿ ಇಟ್ಟು ಎಷ್ಟು ದಿನವಾಯಿತು ಎಂದು ಕೇಳುವ ಪದ್ಧತಿ ಇರಲಿಲ್ಲ. ಪ್ರೀತಿಯಿಂದ ತಂದದ್ದಕ್ಕೆ ಯಾರಾದರೂ ತಾರೀಖು ಕೇಳುತ್ತಾರೆಯೇ?

ಸರಗೂರಿನಿಂದ ಬಂದ ಸೋದರಮಾವ ಮಾದೇಶ ಹುಡುಗಿಯನ್ನು ಬೇರೆ ಕೂರಿಸಲು ಜಗಲಿಯ ಮೂಲೆಯಲ್ಲಿ ಅತ್ತಿಸೊಪ್ಪಿನ ಗುಡ್ಲು ಹಾಕಿ, ಊಟ ಮಾಡಿ, ಕೊನೆಯ ಬಸ್ಸು ಹಿಡಿದು ಹೋಗಿಬಿಟ್ಟ. ಗುಡ್ಲಿನೊಳಗೆ ಚಾಪೆಯ ಮೇಲೆ ಸುಧಾ, ಅವಳ ತೊಡೆಯ ಮೇಲೆ ಏಳನೇ ಕ್ಲಾಸಿನ ಸಮಾಜ ಪುಸ್ತಕ. ಒಂಬತ್ತನೆಯ ದಿನ ಗುಡ್ಲು ಕಿತ್ತರೆ ಮರುದಿನವೇ ಪಬ್ಲಿಕ್ ಪರೀಕ್ಷೆ.

ಆ ಒಂಬತ್ತು ದಿನಕ್ಕೆ ಒಂಬತ್ತು ಹಸಿಮೊಟ್ಟೆ. ಅದು ರುಕ್ಮಿಣಮ್ಮನ ಅತ್ತೆ ಕುಳ್ಳಮ್ಮನ ಲೆಕ್ಕ, ಅವರ ಅತ್ತೆಯ ಲೆಕ್ಕವೂ ಅದೇ. ಬೆಳಗಾಗುತ್ತಲೇ ಮೊಟ್ಟೆಯ ತಲೆ ಒಡೆದು ಹುಡುಗಿಯ ಬಾಯಿಗೆ ಸುರಿಯಬೇಕು. ಖಾಲಿಯಾದ ಅದೇ ಚಿಪ್ಪಿನ ತುಂಬ ಎಳ್ಳೆಣ್ಣೆ ಅಳೆದು ಕುಡಿಸಬೇಕು. ಆಗಲೇ ಸೊಂಟಕ್ಕೆ ಬಲ ಬರುವುದು.

ರುಕ್ಮಿಣಮ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳೂ ಇಂಥದೇ ಗುಡ್ಲಿನಲ್ಲಿ ಕೂತವಳು. ಮೂರನೆಯ ಮೊಟ್ಟೆ ಗಂಟಲಿಗಿಳಿದ ಸಂಜೆಯಿಂದ ವಾಂತಿ, ಭೇದಿ, ಜ್ವರ. ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹದಿನೈದು ದಿನ ಮೇಲೇಳಲಿಲ್ಲ. ಎದ್ದಾಗ ಪರೀಕ್ಷೆ ಮುಗಿದಿತ್ತು, ಅದರ ಹಿಂದೆಯೇ ಇಸ್ಕೂಲೂ ಮುಗಿಯಿತು. ಕ್ಲಾಸಿಗೆ ಮೊದಲಿಗಳಾಗಿದ್ದ ಹುಡುಗಿ ಇಪ್ಪತ್ತು ವರ್ಷ ತನ್ನ ಮೇಲೆ ಯಾರ ಕಣ್ಣು ಬಿದ್ದಿತ್ತೋ ಎಂದೇ ಹುಡುಕುತ್ತಿದ್ದಳು. ಹೋದ ವರ್ಷ ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ ಮಾತಿನ ನಡುವೆ, ಹಸಿಮೊಟ್ಟೆಯಿಂದಲೂ ಹಾಗಾಗುತ್ತದೆ, ಕೋಳಿಯ ಹೊಟ್ಟೆಯ ರೋಗ ಮೊಟ್ಟೆಯಲ್ಲಿರಬಹುದು, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ ಎಂದಾಗ ರುಕ್ಮಿಣಮ್ಮನಿಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಬೆಳಿಗ್ಗೆ ಹೆಂಗಸರು ಜಗಲಿಯಲ್ಲಿ ನೆರೆದರು. ಗಂಡನ ಅಕ್ಕ ಮಲ್ಲಾಜಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು. ಕುಳ್ಳಮ್ಮ ಮೊಟ್ಟೆಗೆ ಕೈ ಹಾಕುವ ಮೊದಲೇ ರುಕ್ಮಿಣಮ್ಮ ಅಗಲ ಪಾತ್ರೆಯಲ್ಲಿ ನೀರು ತಂದಿಟ್ಟು, ಮೊರದಲ್ಲಿದ್ದುದನ್ನು ಒಂದೊಂದಾಗಿ ಇಳಿಬಿಟ್ಟಳು.

"ಏನಮ್ಮಿ ಅದು, ಮೊಟ್ಟೆಗೂ ನೀರು ಉಯ್ತಿದ್ದೀಯಾ?" ಎಂದರು ಕುಳ್ಳಮ್ಮ.

"ಯಾವ್ದು ಎಷ್ಟು ದಿನದ್ದು ಅಂತ ನೋಡ್ತೀನಿ ಅತ್ತೆಮ್ಮ. ಹೊಸದು ತಳದಲ್ಲಿ ಮಲಗ್ತದೆ. ಹಳೇದು ಎದ್ದು ನಿಲ್ತದೆ. ಕೆಟ್ಟಿದ್ದು ತೇಲ್ತದೆ."

ಬಹಳಷ್ಟು ಮಲಗಿದವು. ಕೆಲವು ಎದ್ದು ನಿಂತವು. ಮೂರು ತೇಲಿದವು. ತೇಲಿದ ಮೂರಕ್ಕೂ ಕುಂಕುಮದ ಬೊಟ್ಟಿತ್ತು. ಬೊಟ್ಟಿಟ್ಟು ತಂದವಳು ಕೇರಿಗೆಲ್ಲ ಒಬ್ಬಳೇ, ಮಲ್ಲಾಜಮ್ಮ.

"ನಂದೇ ಕೆಟ್ಟೋಗವೆ ಅಂತೀಯಾ?" ಮಲ್ಲಾಜಮ್ಮನ ಮುಖ ಕೆಂಪಾಯಿತು. "ಕಾವಿಗೆ ಕೂತ ಕೋಳಿ ಕೆಳಗಿಂದ ತೆಗೆದು ತಂದಿವ್ನಿ ಕಣೇ. ಕಾವು ತಗೊಂಡಿದ್ದು ಬಲ ಜಾಸ್ತಿ."

ರುಕ್ಮಿಣಮ್ಮ ವಾದಕ್ಕಿಳಿಯಲಿಲ್ಲ. ಒಂದನ್ನೆತ್ತಿ ಅಂಗಳದ ಕಲ್ಲಿಗೆ ಒಡೆದಳು. ನಾತಕ್ಕೆ ಹೆಂಗಸರ ಸೆರಗುಗಳೆಲ್ಲ ಒಟ್ಟಿಗೇ ಮೂಗಿಗೆ ಹೋದವು. ಗುಡ್ಲಿನೊಳಗಿಂದ ಸುಧಾ ಓಕರಿಸುವುದು ಕೇಳಿಸಿತು. ಮಲ್ಲಾಜಮ್ಮ ಮಾತ್ರ ಸೆರಗು ಮುಟ್ಟದೆ ಛಲಕ್ಕೆ ಬಿದ್ದು ಕೂತಳು. ಪಾಪ, ಅವಳಿಗೇ ವಾಸನೆ ಹೆಚ್ಚು ಬಡಿದಿರಬೇಕು.

"ಆಯ್ತು ಬುಡು, ಮುಳುಗಿದ್ದು ಚೆನ್ನಾಗವಲ್ಲ. ಅದ್ರಲ್ಲೊಂದು ಕೊಡು" ಎಂದು ಕುಳ್ಳಮ್ಮ ಕೈಚಾಚಿದರು.

"ಮುಳುಗಿದ್ರೆ ಹೊಸದು ಅಂತ ಗೊತ್ತಾಯ್ತದೆ, ಅಷ್ಟೇಯ. ಒಳಗೆ ರೋಗ ಇಲ್ಲ ಅಂತ ನೀರು ಹೇಳಾಕಿಲ್ಲ. ಬೇಯಿಸ್ತೀನಿ."

ಕೇರಿಯ ಹೆಂಗಸರ ಮುಂದೆ ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು. ಅಂಗಳದ ಒಲೆಗೆ ಸೌದೆ ಒಟ್ಟಿದಳು.

"ಬೇಯಿಸಿದ್ರೆ ಸತ್ವ ಎಲ್ಲ ನೀರಿಗೋಯ್ತದೆ. ನಾನು ಒಂಬತ್ತೂ ಹಸೀದೇ ಕುಡ್ದಿವ್ನಿ. ನನ್ ಸೊಂಟ ಬಗ್ಗಿದ್ಯಾ ನೋಡು."

"ನಿಮ್ ಸೊಂಟ ನೆಟ್ಟಗದೆ ಅತ್ತೆಮ್ಮ, ನಾನೆಲ್ಲಿ ಇಲ್ಲ ಅಂದೆ. ಮೂರನೇದಕ್ಕೇ ಮಲಗಿದ್ದು ನಾನು. ಚಿಪ್ಪಿನೊಳಗಿನ ಸತ್ವ ಎಲ್ಲಿಗೂ ಓಗಾಕಿಲ್ಲ. ಬೆಂದಿದ್ದೇ ಮೈಗೆ ಚೆನ್ನಾಗಿ ಹಿಡೀತದೆ ಅಂತ ನರ್ಸಮ್ಮ ಹೇಳವ್ರೆ."

ಕುಳ್ಳಮ್ಮ ನಕ್ಕರು. ಅವರ ಬಳಿ ಇನ್ನೊಂದು ಮಾತು ಉಳಿದಿತ್ತು. "ಸರಿ, ಬೇಯ್ಸು. ಬೆಂದಿದ್ದು ಸುಲಿದ್ರೆ ಚಿಪ್ಪು ಚೂರು ಚೂರು. ಎಣ್ಣೆ ಯಾತರಲ್ಲಿ ಅಳೀತೀಯಾ? ಲೋಟದಲ್ಲಿ ಅಳೆದ್ರೆ ಒಗ್ಗರಣೆ ಎಣ್ಣೆ ಆಯ್ತದೆ, ಗುಡ್ಲೆಣ್ಣೆ ಆಗಾಕಿಲ್ಲ. ಅಳತೆ ತಪ್ಪಿದ್ರೆ ಗುಡ್ಲು ಕೀಳಾಕೂ ಇಲ್ಲ. ಆಮೇಲೆ ನಿನ್ ಮಗಳು ಅದ್ಯಾವ ಪರೀಕ್ಷೆ ಬರೀತಾಳೋ ನೋಡ್ತೀನಿ."

ಹೆಂಗಸರೆಲ್ಲ ಹೂಂಗುಟ್ಟಿದರು. ರುಕ್ಮಿಣಮ್ಮ ಒಂದು ಮೊಟ್ಟೆಯನ್ನು ಒಲೆಯ ಮೇಲಿನ ನೀರಿಗೆ ಹಾಕಿದಳು. ರಾತ್ರಿಯೆಲ್ಲ ಎಚ್ಚರವಿದ್ದು ನೀರು, ಬೆಂಕಿ, ಪಾತ್ರೆ ಎಲ್ಲ ಯೋಚಿಸಿದ್ದಳು. ಚಿಪ್ಪನ್ನು ಮರೆತಿದ್ದಳು.

ನೀರು ಕುದಿಯಿತು. ಆಮೇಲೂ ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಅವಳು ಉರಿ ತಗ್ಗಿಸಲಿಲ್ಲ, ಹಳದಿಯೂ ಗಟ್ಟಿಯಾಗಲೆಂದು. ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಸುತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಈಳಿಗೆಮಣೆ ಕಣ್ಣಿಗೆ ಬಿತ್ತು. ಅದನ್ನು ಬೂದಿ ಹಾಕಿ ತೊಳೆದು, ಜಗಲಿಯ ನಡುವೆಯೇ ಇಟ್ಟು ಕೂತಳು. ಮೊಟ್ಟೆಯನ್ನು ಸುಲಿಯದೆ ಚಿಪ್ಪಿನ ಸಮೇತ ಅಲಗಿಗೆ ಒತ್ತಿ ಒಂದೇ ಸಲಕ್ಕೆ ಎಳೆದಳು. ಮೊಟ್ಟೆ ಎರಡು ಹೋಳಾಯಿತು, ಅಂಚು ಒಂದಿಷ್ಟು ಮುಕ್ಕಾಗಿತ್ತು, ಅಷ್ಟೆ. ಚಮಚದ ಹಿಡಿಯಿಂದ ಬಿಳಿ, ಹಳದಿ ಎರಡನ್ನೂ ತಟ್ಟೆಗೆ ಎಬ್ಬಿಸಿ, ಅಂಟಿದ್ದ ಚೂರು ಒರೆಸಿ, ಖಾಲಿ ಬಟ್ಟಲಂಥ ಎರಡು ಚಿಪ್ಪುಗಳನ್ನು ಅತ್ತೆಯ ಮುಂದಿಟ್ಟಳು.

"ಅಳೀರಿ" ಎಂದಳು.

ಕುಳ್ಳಮ್ಮ ಚಿಪ್ಪನ್ನು ಎತ್ತಿ, ಬೆಳಕಿಗೆ ಹಿಡಿದು, ಸೋರುತ್ತದೆಯೇ ಎಂದು ತಿರುಗಿಸಿದರು. ಸೋರಲಿಲ್ಲ. ಎಣ್ಣೆಯ ಗಿಂಡಿ ಬಗ್ಗಿಸಿ ಒಂದು ತುಂಬಿದರು, ಇನ್ನೊಂದನ್ನೂ ತುಂಬಿದರು.

"ಸೊಂಟ ನೋವು ಅಂತ ನಾಳೆ ನನ್ ತಾವ ಬರ್ಬೇಡ" ಎಂದರು.

"ಬರಾಕಿಲ್ಲ."

ಸುಧಾ ಉಪ್ಪು, ಮೆಣಸಿನಪುಡಿ ಉದುರಿಸಿಕೊಂಡು ತಿಂದಳು. ಎಣ್ಣೆಗೆ ಮುಖ ಕಿವುಚಿದಳು. ಇನ್ನೊಂದು ಮೊಟ್ಟೆ ಇದೆಯೇ ಎಂದು ಕೇಳಿದಳು. ಹಸಿಮೊಟ್ಟೆಗೆ ಹಾಗೆ ಕೇಳಿದ ಹುಡುಗಿ ಆ ಕೇರಿಯಲ್ಲಿ ಹುಟ್ಟಿರಲಿಲ್ಲ.

ಒಂಬತ್ತು ದಿನ ಒಂಬತ್ತು ಮೊಟ್ಟೆ, ಹದಿನೆಂಟು ಅರೆಚಿಪ್ಪು. ಗುಡ್ಲು ಕಿತ್ತರು, ಸುಟ್ಟರು. ಹತ್ತನೆಯ ದಿನ ಸುಧಾ ತಲೆಗೆ ನೀರು ಹಾಕಿಕೊಂಡು, ಎರಡು ಜಡೆ ಹೆಣೆಸಿಕೊಂಡು, ರಟ್ಟು ಹಿಡಿದು ಪರೀಕ್ಷೆಗೆ ಹೊರಟಳು. ರುಕ್ಮಿಣಮ್ಮ ಇಸ್ಕೂಲಿನ ಗೇಟಿನವರೆಗೂ ಹೋದಳು. ತಾನು ದಾಟದೆ ಉಳಿದ ಗೇಟು ಅದಲ್ಲ, ಆದರೂ ಮಗಳು ಒಳಗೆ ಹೋದ ಮೇಲೆ ಅದರ ಸರಳು ಹಿಡಿದು ನಿಂತು ಕಣ್ಣೊರೆಸಿಕೊಂಡಳು.

ಬರುವಾಗ ಬೋರಿನ ಹತ್ತಿರ ಮಲ್ಲಾಜಮ್ಮ ಕೊಡ ಹಿಡಿದು ನಿಂತಿದ್ದಳು. ಮೂರು ಮೊಟ್ಟೆಯ ಅವಮಾನ ಇನ್ನೂ ಇಳಿದಿರಲಿಲ್ಲ.

"ನಿನ್ ಮನೇಲಿ ಏನಾರ ಮಾಡ್ಕೊ. ನಮ್ ರಮ್ಯಾ ಗುಡ್ಲಲ್ಲಿ ಕೂತಾಗ ಹಸಿಮೊಟ್ಟೇನೇ ಕೊಡೋದು ಕಣೇ."

ಮಲ್ಲಾಜಮ್ಮನ ಮಗಳು ರಮ್ಯಾ ಆಗಿನ್ನೂ ಐದನೇ ಕ್ಲಾಸು. ರುಕ್ಮಿಣಮ್ಮ ಅತ್ತಿಗೆಯ ತುಂಬಿದ ಕೊಡವನ್ನು ಎತ್ತಿ ಅವಳ ಸೊಂಟಕ್ಕಿಟ್ಟಳು.

"ಹೇಳ್ಕಳಿಸಿ ಅತ್ತಿಗೆ" ಎಂದಳು. "ಈಳಿಗೆಮಣೆ ತಗೊಂಡು ಬತ್ತೀನಿ."