ಬಲೂನ್ ಚನ್ನನ ತೂಕ

ಬೆಂಗಳೂರಿನಲ್ಲಿ ಹಾರುವವರಿದ್ದಾರೆ, ಕಣ್ಣಲ್ಲಿ ಬೆಂಕಿ ಕಾರುವವರಿದ್ದಾರೆ, ಟೀವಿಯವರು ಅವರ ಹಿಂದೆಯೇ ಅಲೆಯುತ್ತಾರೆ. ಅರಸೀಕೆರೆ ತಾಲ್ಲೂಕಿನ ಪಾಲಿಗೆ ಬಂದವನು ಚನ್ನೇಶ. ಗಂಡಸಿಯವನು, ಲಗೇಜ್ ಆಟೋದಲ್ಲಿ ಕೊಬ್ಬರಿ ಸಾಗಿಸುವವನು. ಮನಸ್ಸು ಮಾಡಿದರೆ ತೆಂಗಿನಮರದೆತ್ತರ ಬೆಳೆಯುತ್ತಿದ್ದ, ಇಲ್ಲವೇ ಹೆಬ್ಬೆರಳಿನಷ್ಟಾಗುತ್ತಿದ್ದ. ಉಟ್ಟ ಬಟ್ಟೆಯೂ ಅವನ ಜೊತೆಗೇ ಹಿಗ್ಗಿ ಕುಗ್ಗುತ್ತಿತ್ತು. ಮಾನ ಕಾಪಾಡುವಷ್ಟು ದಯೆ ಆ ಶಕ್ತಿಗಿತ್ತು. ತೂಕ ಮಾತ್ರ ಒಂದು ಗುಲಗಂಜಿಯಷ್ಟೂ ಬದಲಾಗುತ್ತಿರಲಿಲ್ಲ. ಮಾರುಕಟ್ಟೆಯ ತಕ್ಕಡಿಯ ಮೇಲೆ ಸೂರು ಮುಟ್ಟುವಂತೆ ನಿಂತಾಗಲೂ ಅದು ತೋರಿಸಿದ್ದು ಒಬ್ಬ ಬಡಕಲು ಆಳಿನ ತೂಕವನ್ನೇ. ಕೊಬ್ಬರಿ ವ್ಯಾಪಾರದ ಊರಿನಲ್ಲಿ ಗಾತ್ರವಿದ್ದು ತೂಕವಿಲ್ಲದ ಮಾಲಿಗೆ ಯಾರು ಮರ್ಯಾದೆ ಕೊಡುತ್ತಾರೆ?

ಒಮ್ಮೆ ಅರೇಹಳ್ಳಿ ಕಡೆಯ ಕಾಫಿ ತೋಟಕ್ಕೆ ಕಾಡಾನೆ ನುಗ್ಗಿದಾಗ ಇವನನ್ನು ಕರೆಸಿದ್ದರು. ಆನೆಯೆದುರು ಭಾರಿ ಎತ್ತರಕ್ಕೆ ಬೆಳೆದು ನಿಂತ. ಅದು ಬೆದರಿ ಹಿಂದೆ ಸರಿಯುವಷ್ಟರಲ್ಲಿ ಗಾಳಿ ಬೀಸಿ ಇವನನ್ನೇ ಎತ್ತಿಕೊಂಡು ಹೋಗಿ ಸಿಲ್ವರ್ ಮರದ ಮೇಲೆ ಒಗೆಯಿತು. ಆ ವಿಡಿಯೋ ಬೇಲೂರು, ಹಳೇಬೀಡು ದಾಟಿ ನಾಡೆಲ್ಲ ಸುತ್ತಿತು. ಅಂದಿನಿಂದ ಅವನು ಬಲೂನ್ ಚನ್ನ. ನಕ್ಕವರಿಗೆ ಇನ್ನೊಂದು ವಿಷಯ ಹೊಳೆಯಲೇ ಇಲ್ಲ. ಹೆಬ್ಬೆರಳಿನಷ್ಟಾದಾಗಲೂ ಅವನ ತೂಕ ಅಷ್ಟೇ ಇರುತ್ತಿತ್ತು. ಆಗ ಹಲಗೆಯ ಮೇಲೆ ನಿಂತರೆ ಹಲಗೆ ತೂತು, ಮಣ್ಣಿನ ಮೇಲೆ ನಿಂತರೆ ಸೊಂಟದವರೆಗೆ ಹೂತುಹೋಗುತ್ತಿದ್ದ. ಇದು ಗೊತ್ತಿದ್ದದ್ದು ಅವನ ಅಕ್ಕ ದ್ರಾಕ್ಷಾಯಣಿಗೆ ಮಾತ್ರ.

ದ್ರಾಕ್ಷಾಯಣಿ ಅರಸೀಕೆರೆ ಮಾರುಕಟ್ಟೆಯ ಗೇಟಿನ ಬಳಿ ಇಡ್ಲಿ ಗಾಡಿ ಇಟ್ಟವಳು. ಹಮಾಲಿ ಹುಚ್ಚಣ್ಣನನ್ನು ಶಶಿಕಿರಣ್ ಎಂಬ ಪುಂಡ ಹಾಡಹಗಲೇ ಮಚ್ಚಿನಿಂದ ಕಡಿದು ಹಾಕಿದಾಗ ಗೇಟಿನ ತುಂಬ ಜನರಿದ್ದರು. ಪೊಲೀಸರು ಕೇಳಿದಾಗ ಮಾತ್ರ ಎಲ್ಲರೂ ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ತಿರುಗಿದ್ದರಂತೆ. ನೋಡಿದೆ ಎಂದವಳು ಇವಳೊಬ್ಬಳೇ. ಇವಳು ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಶಶಿಕಿರಣ್ ಜೈಲಿನಲ್ಲೇ ಇರುತ್ತಾನೆ. ಬಿಡದಿದ್ದರೆ ಮನೆಗೆ ಹೋಗುತ್ತಾನೆ.

ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ, ಗಂಡಸಿಯ ಬಸ್ ನಿಲ್ದಾಣದ ಎದುರೇ ಶಶಿಕಿರಣನ ಅಣ್ಣ ರಾಜಶೇಖರ್ ಅವಳ ಜಡೆ ಹಿಡಿದು ಕಾರಿನೊಳಗೆ ಎಳೆದುಕೊಂಡ. ಅವಳನ್ನು ಕೋರ್ಟಿಗೆ ಕರೆದೊಯ್ಯಲು ಬರುತ್ತಿದ್ದ ಚನ್ನೇಶ ಕಣ್ಣಾರೆ ಕಂಡ. ಆಟೋ ತಿರುಗಿಸಿ ಬೆನ್ನು ಹತ್ತಿದ. ಕಾರು ಒಂದು ತೆಂಗಿನ ತೋಟಕ್ಕೆ ನುಗ್ಗಿ ಕೊಬ್ಬರಿ ಅಟ್ಟದ ಮನೆಯ ಮುಂದೆ ನಿಂತಿತು. ರಾಜಶೇಖರ್ ಅವಳನ್ನು ಒಳಗೆ ದಬ್ಬಿಕೊಂಡು ಹೋದ. ಅವನ ಇಬ್ಬರು ಆಳುಗಳು ಮಚ್ಚು ಹಿಡಿದು ಅಂಗಳದಲ್ಲಿ ನಿಂತರು.

ಚನ್ನೇಶನಿಗೆ ತಿಳಿದ ದಾರಿ ಒಂದೇ. ಬೆಳೆದ. ತೆಂಗಿನ ಗರಿ ಕೆನ್ನೆಗೆ ತಾಗುವಷ್ಟು ಬೆಳೆದು, "ನಮ್ಮಕ್ಕನ್ನ ಬಿಡ್ರಲಾ!" ಎಂದು ಗುಡುಗಿದ.

ಆಳುಗಳು ಬಿದ್ದು ಬಿದ್ದು ನಕ್ಕರು. "ಲೇ, ಬಲೂನು ಬಂತು ಕಣ್ಲಾ! ಚುಚ್ಲಾ ಅದಕ್ಕೆ!"

ಒಬ್ಬ ಓಡಿ ಬಂದು ಅವನ ಮೀನಖಂಡಕ್ಕೆ ಮಚ್ಚು ಬೀಸಿದ. ಮಾಂಸ ಬಾಯಿ ಬಿಟ್ಟಿತು. ಇನ್ನೊಬ್ಬ ಎಸೆದ ಕಲ್ಲಿಗೆ ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಅಷ್ಟರಲ್ಲಿ ಗಾಳಿ ಬೇರೆ. ಚನ್ನೇಶ ತೂರಾಡಿ ಅಂಗಳದಂಚಿನ ತೆಂಗಿನಮರಕ್ಕೆ ಬಡಿದು ಸಿಮೆಂಟಿನ ಮೇಲೆ ಕುಸಿದ. ಒಳಗಿನಿಂದ ಅಕ್ಕನ ಚೀರಾಟ ಕೇಳಿತು. ಆ ಚೀರಾಟಕ್ಕೆ ಅವನ ತಲೆಯೊಳಗೆ ಏನೋ ಕಡಿದುಕೊಂಡಿತು.

ಕುಗ್ಗಿದ.

ಆಳುಗಳಿಗೆ ಅವನು ಮಾಯವಾದಂತೆ ಕಂಡಿತು. ಅಂಗಳದ ಸಿಮೆಂಟಿನ ಮೇಲೆ ಒಂದು ಹೆಬ್ಬೆರಳು ಓಡಿ ಬರುತ್ತಿದ್ದದ್ದನ್ನು ಯಾರು ನೋಡುತ್ತಾರೆ? ಮೊದಲನೆಯವನ ಪಾದದ ಮೇಲೆ ಹಾರಿ ಇಳಿದ. ಇಡೀ ಆಳಿನ ತೂಕ ಉಗುರಿನಗಲದ ಜಾಗಕ್ಕೆ ಬಿತ್ತು. ಪಾದ ತೂತಾಯಿತು. ಅವನು ಕೂಗುತ್ತಾ ಉರುಳಿದಾಗ ಎರಡನೆಯವನು ಏನೆಂದು ಬಗ್ಗಿ ನೋಡಿದ. ಚನ್ನೇಶ ನೆಗೆದು ಅವನ ಮಂಡಿಗೆ ಗುದ್ದಿದ. ಮಂಡಿ ಹಿಂದಕ್ಕೆ ಮಡಚಿಕೊಂಡಿತು. ಬಿದ್ದವನ ದವಡೆಗೆ ಇನ್ನೊಂದು. ಹಲ್ಲುಗಳು ಅಂಗಳದಲ್ಲಿ ಚೆಲ್ಲಿದವು. ನಿಜ ಹೇಳಬೇಕೆಂದರೆ ಚನ್ನೇಶನಿಗೆ ಖುಷಿಯಾಯಿತು. ಇಷ್ಟು ವರ್ಷ ಇದನ್ನು ಬಿಟ್ಟು ಊರಿಗೆಲ್ಲ ಎತ್ತರ ತೋರಿಸುತ್ತಾ ಕೂತೆನಲ್ಲ ಅನ್ನಿಸಿತು.

ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಮಾಮೂಲಿ ಆಳಾಗಿ, ಕಾಲೆಳೆದುಕೊಂಡು ಹೊರಗಿನ ಏಣಿ ಹತ್ತಿ, ಕಾಯಿ ತುಂಬುವ ಕಿಂಡಿಯಿಂದ ಅಟ್ಟದೊಳಗೆ ನುಸುಳಿದ. ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳ ನಡುವಿನ ಸಂದಿನಿಂದ ಕೆಳಗೆ ಎಲ್ಲ ಕಾಣುತ್ತಿತ್ತು. ರಾಜಶೇಖರ್ ಅಕ್ಕನನ್ನು ಎದೆಗೆ ಅವುಚಿಕೊಂಡು ಕುತ್ತಿಗೆಗೆ ಮಚ್ಚು ಹಿಡಿದಿದ್ದ. ಅಲಗು ಆಗಲೇ ಚರ್ಮ ಸೀಳಿತ್ತು, ಸೆರಗು ಕೆಂಪಾಗಿತ್ತು.

"ನೋಡಿಲ್ಲ ಅಂತ ಹೇಳ್ತೀಯೋ, ಇಲ್ಲೇ ಮುಗಿಸ್ಲೋ?"

"ನೋಡಿದೀನಲ್ಲಪ್ಪ," ಎಂದಳು ಅಕ್ಕ. "ನೋಡಿದ್ದನ್ನ ನೋಡಿಲ್ಲ ಅನ್ನಕ್ಕೆ ನಂಗೆ ಬರಲ್ಲ."

ಚನ್ನೇಶ ರಾಜಶೇಖರನ ಭುಜದ ನೇರಕ್ಕೆ ಸರಿದು ಕುಗ್ಗಿದ. ದಬ್ಬೆ ಲಟಕ್ಕೆಂದು ಮುರಿಯಿತು. ಅವನು ಕಲ್ಲು ಬಿದ್ದ ಹಾಗೆ ಬಿದ್ದ. ಮಚ್ಚು ಹಿಡಿದ ಭುಜದ ಮೂಳೆ ಪುಡಿಯಾಯಿತು. ಮಚ್ಚು ಮೂಲೆಗೆ ಹಾರಿತು. ಅಕ್ಕ ಬಿಡಿಸಿಕೊಂಡು ಗೋಡೆ ಹಿಡಿದು ನಿಂತಳು. ಚನ್ನೇಶ ಮತ್ತೆ ತನ್ನ ಅಳತೆಗೆ ಬಂದು ಮಚ್ಚನ್ನು ಕಿಟಕಿಯಿಂದ ಆಚೆಗೆಸೆದ.

"ಸಾಕು ಕಣೋ ಚನ್ನ, ಬಾ," ಎಂದಳು ಅಕ್ಕ, ಸೆರಗನ್ನು ಕುತ್ತಿಗೆಗೆ ಒತ್ತಿಕೊಂಡು. "ಕೋರ್ಟಿಗೆ ಹೊತ್ತಾಯ್ತು."

ರಾಜಶೇಖರ್ ನೆಲದಲ್ಲಿ ಅಂಗಾತ ಬಿದ್ದಿದ್ದ. ಜೋಲುವ ತೋಳನ್ನು ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿಯೂ ನಕ್ಕ. "ಹೋಗ್ಲಾ, ಹೋಗು. ಎಷ್ಟು ಎತ್ರ ಬೆಳೆದ್ರೂ ಬಲೂನು ಬಲೂನೇ."

ಅಷ್ಟೇ ಅವನಂದದ್ದು. ಚನ್ನೇಶ ಬಾಗಿಲವರೆಗೆ ಹೋಗಿದ್ದವನು ಹಿಂತಿರುಗಿದ. "ಬ್ಯಾಡ ಕಣೋ!" ಎಂದು ಅಕ್ಕ ಕೂಗಿದ್ದು ಅವನಿಗೆ ಚೆನ್ನಾಗಿಯೇ ಕೇಳಿತು. ಎತ್ತರಕ್ಕೆ ನೆಗೆದ, ಗಾಳಿಯಲ್ಲೇ ಕುಗ್ಗಿದ, ರಾಜಶೇಖರನ ಎದೆಯ ಮೇಲೆ ಇಳಿದ. ಪಕ್ಕೆಲುಬು ಮುರಿದು ಒಳಗೆ ಹೋದ. ಬೆಚ್ಚಗಿನ ಕತ್ತಲಲ್ಲಿ ಏನೋ ಬಡಿದುಕೊಳ್ಳುತ್ತಿತ್ತು, ಆಮೇಲೆ ನಿಂತಿತು. ಅವನು ಹೊರಗೆ ಬಂದು ಆಳಿನಷ್ಟಾಗಿ ನಿಂತಾಗ ತಲೆಯಿಂದ ಕಾಲಿನವರೆಗೆ ರಕ್ತ, ಅಕ್ಕನ ಸೀರೆಗೂ ಸಿಡಿದಿತ್ತು. ಅಕ್ಕ ಅವನನ್ನು ನೋಡುತ್ತಿದ್ದಳು.

ಕೊಳಾಯಿಯಲ್ಲಿ ಮೈ ತೊಳೆದುಕೊಂಡ. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅರಸೀಕೆರೆಗೆ ಹೊರಟ. ಊರು ಹತ್ತಿರವಾದಾಗ ಅಂದ, "ಅಕ್ಕಾ, ಯಾರಾದ್ರೂ ಕೇಳಿದ್ರೆ... ಅವನು ಮಚ್ಚು ಎತ್ತಿದ್ದ ಅನ್ನು." ಅವಳು ರಸ್ತೆ ನೋಡುತ್ತಾ ಕೂತಿದ್ದಳು.

ಆಸ್ಪತ್ರೆಗೆ ಆಮೇಲೆ ಹೋಗುತ್ತೇನೆಂದು ಹಟ ಹಿಡಿದು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಕಟಕಟೆ ಹತ್ತಿದಳು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದಳು. ಹುಚ್ಚಣ್ಣನನ್ನು ಕಡಿದದ್ದು ಯಾರು, ಹೇಗೆ, ಒಂದೂ ತಪ್ಪಿಲ್ಲದೆ ಹೇಳಿ ಶಶಿಕಿರಣನತ್ತ ಬೆರಳು ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಚನ್ನೇಶನಿಗೆ ಎದೆ ಉಬ್ಬಿತು.

ಆಗ ಆಪಾದಿತನ ಕಡೆಯ ವಕೀಲರು ಎದ್ದರು. ತೋಟದ ಸುದ್ದಿಯನ್ನು ಪಾದ ತೂತಾದ ಆಳು ಅವರಿಗೆ ಫೋನಿನಲ್ಲಿ ಮುಟ್ಟಿಸಿದ್ದ.

"ನಿಮ್ಮ ಸೀರೆ ಮೇಲಿರೋ ರಕ್ತ ಯಾರ್ದಮ್ಮ?"

"ನಂದೂ ಐತೆ. ರಾಜಶೇಖರಂದೂ ಐತೆ ಸ್ವಾಮಿ."

"ಅವರನ್ನ ಕೊಂದಿದ್ದು ಯಾರು?"

ದ್ರಾಕ್ಷಾಯಣಿ ಬಾಗಿಲತ್ತ ನೋಡಿದಳು. ಈಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹುಚ್ಚಣ್ಣನ ಬಗ್ಗೆ ಹೇಳಿದ್ದೂ ನೀರಿನಲ್ಲಿ ಹೋಮ. ಅದು ಚನ್ನೇಶನಿಗೂ ಗೊತ್ತಿತ್ತು. ಆದರೂ ಅವನು ಕಣ್ಣಲ್ಲೇ ಬೇಡಿಕೊಂಡ.

"ನನ್ನ ತಮ್ಮ," ಎಂದಳು.

"ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮಚ್ಚಿತ್ತಾ?"

"ಇರ್ಲಿಲ್ಲ ಸ್ವಾಮಿ. ಕೈ ಮುರಿದು ಕೆಳಗೆ ಬಿದ್ದಿದ್ರು. ಬ್ಯಾಡ ಅಂತ ಕೂಗ್ದೆ. ಅವನು ಕೇಳ್ಲಿಲ್ಲ." ಹೇಳಿ ಮುಗಿಸಿದವಳೇ ಕಟಕಟೆಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು.

ಬೇಡಿ ಹಿಡಿದು ಬಂದ ಪೊಲೀಸಿನವನು ಒಂದು ಹೆಜ್ಜೆ ದೂರದಲ್ಲೇ ನಿಂತ. "ಕೈ ಸಣ್ಣ ಮಾಡಿ ಜಾರಿಸ್ಕೊಂಡ್ಬಿಡ್ತೀಯೇನಪ್ಪ?" ಎಂದು ಮೆಲ್ಲಗೆ ಕೇಳಿದ.

ಚನ್ನೇಶ ಅಕ್ಕನನ್ನೇ ನೋಡುತ್ತಿದ್ದ. "ಇಲ್ಲ, ಹಾಕ್ರಿ," ಎಂದು ಎರಡೂ ಕೈ ಮುಂದೆ ಮಾಡಿದ. "ಅವಳನ್ನ ಮೊದ್ಲು ಆಸ್ಪತ್ರೆಗೆ ಕರ್ಕೊಂಡೋಗಿ."