ಮೊದಲು ಬಿಡ್ತು ಅನ್ನಿ

ಘಾಟ್ಕೋಪರಿನ ಬಿಲ್ಡಿಂಗುಗಳ ಮೆಟ್ಟಿಲು ಒರೆಸಿ ಒರೆಸಿ ಹನುಮವ್ವನ ಮೊಣಕಾಲು ಕೈಕೊಟ್ಟಿದ್ದವು. ಪವಾಯಿಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳನ್ನು ಬಿಟ್ಟುಹೋಗುವ ಪಾಳಣಾಘರದಲ್ಲಿ ಆಯಾ ಬೇಕಾಗಿದ್ದಾಳೆ ಎಂದು ಕೇಳಿದಾಗಿನಿಂದ ಅವಳಿಗೆ ಅದೊಂದೇ ಗುಂಗು. ದಿನವಿಡೀ ಕೂಸು ಆಡಿಸುವುದು, ಮೇಲೆ ಸಂಬಳ ಬೇರೆ! ಇದಕ್ಕಿಂತ ಇನ್ನೇನು ಬೇಕು? ಆದರೆ ಅಲ್ಲಿನ ಮೇಡಂ ಇಂಗ್ಲಿಷಿನಲ್ಲಿ ಎರಡು ಮಾತು ಕೇಳಿಯೇ ಕೇಳುತ್ತಾರಂತೆ.

ಕಾಲೇಜಿಗೆ ಹೋಗುವ ಮಗಳು ಭುವನೇಶ್ವರಿ ಟೀಚರಾಗಿ ಕೂತಳು. 'ಇಫ್' ಬಂತೆಂದರೆ ಹೀಗಾದರೆ ಹೀಗೆ ಮಾಡುತ್ತೇನೆ ಅಂತ, ಅಷ್ಟೇ ಎಂದಳು. ಮಗು ಅತ್ತರೆ ಎತ್ತಿಕೊಳ್ಳುತ್ತೇನೆ, ಹಸಿದರೆ ಉಣಿಸುತ್ತೇನೆ, ಇವೆಲ್ಲ ಹನುಮವ್ವನಿಗೆ ರೊಟ್ಟಿ ಬಡಿದಷ್ಟೇ ಸಲೀಸಾದವು. ಮಗು ಬಿದ್ದರೆ ಎಂಬಲ್ಲಿಗೆ ಬಂದಾಗ ಗಾಡಿ ನಿಂತಿತು.

"ಬಿಡ್ತು ಅನ್ನು," ಎಂದು ಗಲ್ಲ ಗಲ್ಲ ಬಡಿದುಕೊಂಡಳು. "ಮಂದಿ ಕೂಸಿಗೆ ಹಂಗ ಅಂತಾರೇನ?"

ಇದು ಬರೀ ಗ್ರಾಮರ್, ಯಾರೂ ಬೀಳುವುದಿಲ್ಲ ಎಂದು ಮಗಳು ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿ ಹೇಳಿ ಸುಸ್ತಾದಳು. ಕೊನೆಗೆ ಹನುಮವ್ವ ಒಂದು ಷರತ್ತಿನ ಮೇಲೆ ಒಪ್ಪಿದಳು. ಅಪಶಕುನ ಆಡಿದವರು ಮೊದಲು ಬಿಡ್ತು ಅನ್ನಬೇಕು, ಆಮೇಲೆ ತನ್ನ ಉತ್ತರ. ಮಗಳು ಬಿಡ್ತು ಅಂದಳು, ತಾಯಿ ಪಟಪಟನೆ ಒಪ್ಪಿಸಿದಳು.

ಪವಾಯಿಯ ಮೇಡಂ ಮೊದಲು ಕೇಳಿದ್ದೇ ಅದು, ಮಗು ಬಿದ್ದರೆ ಏನು ಮಾಡುತ್ತೀರಿ ಅಂತ. ಉತ್ತರ ಹನುಮವ್ವನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಎದುರಿಗೇ ಪುಟ್ಟ ಪುಟ್ಟ ಕೂಸುಗಳು ತಪ್ಪುಹೆಜ್ಜೆ ಇಡುತ್ತ ಓಡಾಡುತ್ತಿದ್ದವು. ಅವುಗಳ ಮುಂದೆ ಹೇಗೆ ಬಾಯಿ ಬಿಡುವುದು? ಇವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದುಕೊಂಡ ಮೇಡಂ ಹೋಗಿ ಬನ್ನಿ ಎನ್ನುತ್ತ ಎದ್ದೇಬಿಟ್ಟರು.

"ಮೇಡಂ, ಪೆಹಲೆ ಬಿಡ್ತು ಬೋಲೋ," ಎಂದಳು ಹನುಮವ್ವ. ಕೂಸುಗಳ ಬಗ್ಗೆ ಕೆಟ್ಟ ಮಾತು ಬಂದರೆ ಅದನ್ನು ಅಲ್ಲಿಂದಲ್ಲಿಗೇ ಅಳಿಸಬೇಕು ಎಂದು ಹರಕುಮುರುಕು ಹಿಂದಿಯಲ್ಲಿ ತಿಳಿಸಿದಳು.

ಮೇಡಂ ಅವಳನ್ನೊಮ್ಮೆ, ಕೂಸುಗಳನ್ನೊಮ್ಮೆ ನೋಡಿದರು. ಮತ್ತೆ ಕೂತರು. "ಬಿಡ್ತು," ಎಂದರು.

"ಇಫ್ ದ ಚೈಲ್ಡ್ ಫಾಲ್ಸ್, ಐ ವಿಲ್ ಕಾಲ್ ದ ಡಾಕ್ಟರ್," ಎಂದು ಹನುಮವ್ವ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮೇಡಂ ನಕ್ಕು, ಸೋಮವಾರದಿಂದ ಬನ್ನಿ ಎಂದರು. ಹನುಮವ್ವನಿಗೆ ಖುಷಿಗೆ ಅಲ್ಲೇ ಕುಣಿಯಬೇಕೆನಿಸಿತು, ಮೊಣಕಾಲು ನೆನಪಾಗಿ ಸುಮ್ಮನಾದಳು. ಮೇಡಂ ಬೆರಳೆತ್ತಿ, ಒಂದು ದಿನವಾದರೂ ತಡವಾಗಿ ಬಂದರೆ, ಎಂದು ಶುರುಮಾಡಿದರು. ಹನುಮವ್ವನ ಕೈ ಗಲ್ಲಕ್ಕೆ ಹೋಯಿತು.

"ಬಿಡ್ತು, ಬಿಡ್ತು," ಎಂದು ಮೇಡಂ ತಾವೇ ಅಂದುಬಿಟ್ಟರು.